ಸ್ಟ್ಯಾಂಡಿನ ಹಿಂಬದಿಯ ಫೋಟೋ

ಸೊರಬದಿಂದ ಫೋನ್ ಮಾಡಿದ ಹೆಂಗಸು ರಿಪೇರಿಗೆ ಕರೆದಿರಲಿಲ್ಲ. ಹಾಡು ಚೆನ್ನಾಗಿಯೇ ಕೇಳುತ್ತದೆ, ಹಿಂದಿನ ವೈರುಗಳನ್ನು ಓರಣ ಮಾಡಿಕೊಟ್ಟರೆ ಸಾಕು ಎಂದರು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಂಪ್ಲಿಫೈಯರ್, ಸ್ಪೀಕರ್ ರಿಪೇರಿಯ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷವಾದರೂ, ಬರೀ ಓರಣಕ್ಕೆಂದು ಯಾರೂ ನನ್ನನ್ನು ಅಷ್ಟು ದೂರ ಕರೆದಿರಲಿಲ್ಲ.

"ಅಮ್ಮಾ, ವೈರು ಹಿಂದ್ಗಡೆ ಇರ್ತಾವಲ್ರೀ. ಅದನ್ನ ಯಾರು ನೋಡ್ತಾರ?" ಅಂದೆ.

"ನಮ್ಮನೆಯವ್ರು ನೋಡ್ತರೆ. ಬೆಳಿಗ್ಗೆಯಿಂದ ಸಂಜೆ ತನಕ ಅದನ್ನೇ ನೋಡ್ತರೆ. ನೋಡಿ ನೋಡಿ ಸಿಟ್ಟು ಮಾಡ್ಕತರೆ," ಅಂದರು.

ನನ್ನ ನಂಬರು ಕೊಟ್ಟವರು ಸೊರಬದ ಒಬ್ಬ ಬಟ್ಟೆ ಅಂಗಡಿ ಮಾಲೀಕರು. ನನ್ನ ವಾಟ್ಸಾಪ್ ಸ್ಟೇಟಸ್ ತೋರಿಸಿ, ಇವನಷ್ಟು ಚೊಕ್ಕ ಕೆಲಸ ಮಾಡುವವನು ಈ ಸುತ್ತಮುತ್ತ ಇಲ್ಲ ಎಂದಿದ್ದರಂತೆ. ಆ ಮಾತು ಕೇಳಿ ಉಬ್ಬಿದೆ. ಕೆಲಸ ಶುರುಮಾಡುವ ಮೊದಲು ಒಂದು ಫೋಟೋ, ಮುಗಿದ ಮೇಲೆ ಒಂದು ಫೋಟೋ, ಎರಡನ್ನೂ ಪಕ್ಕಪಕ್ಕ ಇಟ್ಟು 'ಮೊದಲು – ನಂತರ' ಅಂತ ಸ್ಟೇಟಸ್‌ಗೆ ಹಾಕುವುದು ನನ್ನ ಪದ್ಧತಿ. ಮೊದಲಿನ ಫೋಟೋ ಕಸುಬಿಗೆ ಬೇಕೇ ಬೇಕು, ಯಾವ ಪಿನ್ನು ಯಾವ ತೂತಿನಲ್ಲಿತ್ತು ಎಂಬುದಕ್ಕೆ ಅದೇ ಆಧಾರ. ಎರಡನೆಯದು ಬರೀ ಶೋಕಿ. ಜನ ಹೆಬ್ಬೆರಳೆತ್ತಿ ಕಳಿಸುವ ಗುರುತುಗಳನ್ನು ನೋಡುತ್ತ ಚಹಾ ಕುಡಿಯುವುದೆಂದರೆ ನನಗೆ ಬಲು ಇಷ್ಟವಾಗಿತ್ತು.

ಮರುದಿನ ಬೈಕಿನಲ್ಲಿ ಶಿರಾಳಕೊಪ್ಪ ದಾಟಿ ಸೊರಬ ಮುಟ್ಟಿದೆ. ಮನೆಯ ಬಾಗಿಲು ತೆರೆದರೆ ನೇರ ಎದುರಿಗೇ ಕಬ್ಬಿಣದ ಎತ್ತರದ ಸ್ಟ್ಯಾಂಡು, ಪಡಸಾಲೆಯನ್ನು ಎರಡು ಭಾಗ ಮಾಡುವ ಹಾಗೆ ಅಡ್ಡಲಾಗಿ ನಿಂತಿತ್ತು. ಅದರಲ್ಲಿ ಆಂಪ್ಲಿಫೈಯರ್, ಈಕ್ವಲೈಜರ್, ಕ್ಯಾಸೆಟ್ ಡೆಕ್ಕು, ಡಿವಿಡಿ ಪ್ಲೇಯರ್. ಎರಡೂ ಬದಿಗೆ ಆಳೆತ್ತರದ ಸ್ಪೀಕರುಗಳು. ಎಲ್ಲದರ ಮುಖ ಬಾಗಿಲ ಕಡೆಗಿತ್ತು. ಸ್ಟ್ಯಾಂಡಿನ ಸಂದುಗಳಿಗೆಲ್ಲ ಒಳ್ಳೆಯ ಕೋಟಿನ ಬಟ್ಟೆಯ ತುಂಡುಗಳನ್ನು ಅಂಚು ಮಡಿಸಿ ಹೊಲಿದು ಕಟ್ಟಿದ್ದರು. ಆಚೆ ಬದಿಯದೇನೂ ಈಚೆಗೆ ಕಾಣುತ್ತಿರಲಿಲ್ಲ.

"ಒಂಚೂರು ಅಲ್ಲೇ ಕೂತ್ಕಳಿ ಅಣ್ಣಾ. ಅವ್ರು ಅಂಗಿ ಹಾಕ್ಕಳ್ಳಿ," ಎಂದು ಆ ಅಮ್ಮ ಒಳಗೆ ಹೋದರು.

ಸ್ಟ್ಯಾಂಡಿನ ಆಚೆ ಮಂಚದ ಸದ್ದು, ಬಟ್ಟೆಯ ಸರಬರ, ಗಂಡಸಿನ ತೊದಲು ದನಿಯಲ್ಲಿ ಒಂದೆರಡು ಉರ್ದು ಮಾತು ಕೇಳಿಸಿದವು. ಬಹಳ ಹೊತ್ತಾಯಿತು. ಕರೆದ ಮೇಲೆ ಹೋಗಿ ನೋಡಿದರೆ ಮಂಚದ ಮೇಲೆ ದಿಂಬಿಗೊರಗಿ ಕೂತವರು ಸೊರಬದ ಟೈಲರ್ ಮಾಸ್ಟರ್. ಮುಖ ಪರಿಚಯವಿಲ್ಲದಿದ್ದರೂ ಹೆಸರು ಕೇಳಿದ್ದೆ. ಮದುವೆ ಕೋಟು ಅಂದರೆ ಅವರೇ ಹೊಲಿಯಬೇಕು ಅಂತ ನಮ್ಮ ಶಿಕಾರಿಪುರದವರೂ ಬಟ್ಟೆ ಹೊತ್ತು ಬರುತ್ತಿದ್ದ ಕಾಲವಿತ್ತು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ಬಾಯಿ ಒಂದು ಕಡೆ ಜೋತಿತ್ತು. ಬಿಳಿ ಅಂಗಿ ಮಾತ್ರ ಗೆರೆ ಮುರಿಯದ ಇಸ್ತ್ರಿಯದು, ಕುತ್ತಿಗೆಯ ಬಟನ್ನಿನವರೆಗೂ ಹಾಕಿದ್ದರು.

"ಲಕ್ವ ಆದಾಗಿಂದ ಯಾರ್ನೂ ಈಚೆಗೆ ಬಿಡಲ್ಲ. ಬಂದವ್ರೆಲ್ಲಾ ಆ ಕಡೆ ಕೂತೇ ಮಾತಾಡಿ ಹೋಗದು. ನೀವು ಕೆಲಸದವ್ರು ಅಂತ ಒಪ್ಕಂಡರೆ," ಎಂದರು ಆ ಅಮ್ಮ.

ಹಾಡಿನ ಸಾಮಾನು ಪಡಸಾಲೆಯ ನಡುವೆ ಯಾಕೆ ನಿಂತಿದೆ ಎಂಬುದು ಆಗ ತಿಳಿಯಿತು. ಅದು ಅವರ ಮರೆ. ಮರೆ ಅಂದ ಮೇಲೆ ಅದರ ಬೆನ್ನು ಅವರ ಕಡೆಗೇ ತಾನೇ. ವೈರು ವೈರಿಗೆ ಸುತ್ತಿಕೊಂಡು, ಧೂಳು ಹತ್ತಿ, ಜೇಡರ ಬಲೆ ಕಟ್ಟಿ, ಒಂದು ಕಡೆ ಇಲಿ ಕಡಿದ ಗುರುತೂ ಇದ್ದ ಆ ಗೋಜಲನ್ನು ಅವರು ಮಲಗಿದಲ್ಲಿಂದ ನೋಡುತ್ತಲೇ ಇರಬೇಕಿತ್ತು.

ಮಾಸ್ಟರ್ ಎಡಗೈಯಿಂದ ನನ್ನನ್ನು ಹತ್ತಿರ ಕರೆದರು. ನಮಸ್ಕಾರಕ್ಕೆಂದು ಬಾಗಿದರೆ ನನ್ನ ಅಂಗಿಯ ಅಂಚು ಹಿಡಿದು ಒಳಮಗ್ಗುಲು ಹೊರಗೆ ಮಾಡಿ ನೋಡಿದರು. ದಾರಗಳು ಜೋತಾಡುತ್ತಿದ್ದವು. "ರೆಡಿಮೇಡ್," ಎಂದು ತೊದಲಿ, ಲೊಚಗುಟ್ಟಿ ಕೈಬಿಟ್ಟರು.

"ಯಾರ್ ಬಂದ್ರೂ ಹಂಗೇಯ. ಒಳಗಿನ ಹೊಲಿಗೆ ನೋಡ್ದೆ ಅವ್ರು ಯಾರನ್ನೂ ಮಾತಾಡ್ಸಲ್ಲ. ಬೇಜಾರ್ ಮಾಡ್ಕಬೇಡಿ," ಎಂದು ಅಮ್ಮ ನಕ್ಕರು.

ಸ್ಟ್ಯಾಂಡಿನ ಪಕ್ಕದ ಗೋಡೆಗೆ ಆಳುದ್ದದ ಕನ್ನಡಿಯೊಂದು ಒರಗಿತ್ತು. ಅಂಗಡಿಯಲ್ಲಿ ಗಿರಾಕಿಗಳು ಕೋಟು ತೊಟ್ಟು ನೋಡಿಕೊಳ್ಳುತ್ತಿದ್ದ ಕನ್ನಡಿ. ಅಂಗಡಿ ಮುಚ್ಚಿದ ಮೇಲೆ ಮನೆಗೆ ಬಂದಿತ್ತು. ಅದನ್ನು ಸ್ವಲ್ಪ ಓರೆಯಾಗಿ ಇಟ್ಟಿದ್ದರು. ಮಲಗಿದಲ್ಲಿಂದಲೇ ಮಾಸ್ಟರಿಗೆ ಅದರಲ್ಲಿ ಮುಂಬಾಗಿಲು ಕಾಣುತ್ತಿತ್ತು. ಬಾಗಿಲ ಬೆಳಕಿನಲ್ಲಿ ಬಂದವರು ಅವರಿಗೆ ಕಾಣುತ್ತಿದ್ದರು, ಮಂಚದ ಕಡೆಯ ಮಬ್ಬಿನಲ್ಲಿ ಅವರು ಬಂದವರಿಗೆ ಕಾಣುತ್ತಿರಲಿಲ್ಲ. ಕರೆಂಟಿನ ಪ್ಲಗ್ಗು ಆ ಕನ್ನಡಿಯ ಹಿಂದಿತ್ತು. "ಇದನ್ನ ಸ್ವಲ್ಪ ಸರಸ್ತೀನ್ರೀ ಮಾಸ್ಟ್ರೇ," ಅಂದೆ. ಅವರಿಗೆ ಮನಸ್ಸಿರಲಿಲ್ಲ. ಕೊನೆಗೆ, "ಮತ್ತೆ... ಅಲ್ಲೇ," ಎಂದು ಬೆರಳು ತೋರಿಸಿ ಒಪ್ಪಿದರು. ನಾನು ಕನ್ನಡಿಯನ್ನು ಮುಂದಕ್ಕೆ ಎಳೆದು, ಮಂಚಕ್ಕೆ ನೆಟ್ಟಗೆ ಎದುರಾಗಿ ನಿಲ್ಲಿಸಿದೆ.

ಮೊದಲಿನ ಫೋಟೋವನ್ನು ಹತ್ತಿರದಿಂದ ತೆಗೆದೆ. ಬಿಳಿ ಟೇಪನ್ನು ಸಣ್ಣಗೆ ಕತ್ತರಿಸಿ ಪ್ರತಿ ವೈರಿನ ಎರಡೂ ತುದಿಗೆ ಗುರುತು ಅಂಟಿಸಿದೆ. ಗುರುತು ಹಾಕದೆ ಒಂದು ಪಿನ್ನನ್ನೂ ಎಳೆಯಬಾರದು. ಎಳೆದರೆ ಕ್ಯಾಸೆಟ್ಟಿನ ಹಾಡು ಯಾವ ವೈರಿನಲ್ಲಿ ಬರುತ್ತದೆಂದು ಹುಡುಕಿಕೊಂಡು ಇಡೀ ದಿನ ಕೂರಬೇಕಾಗುತ್ತದೆ. ಆಮೇಲೆ ಎಲ್ಲ ಬಿಚ್ಚಿ ನೆಲಕ್ಕೆ ಹಾಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಇಲಿ ಕಡಿದಿದ್ದ ಸ್ಪೀಕರ್ ವೈರನ್ನು ಕತ್ತರಿಸಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ ಬೆಸುಗೆ ಹಾಕಿದೆ. ಈಕ್ವಲೈಜರಿನ ಒಂದು ಪಿನ್ನು ಒಳಗೇ ಮುರಿದು ಕೂತಿತ್ತು. ಅದನ್ನು ಕೀಳುವಷ್ಟರಲ್ಲಿ ಸಾಕುಸಾಕಾಯಿತು. ಮಾಸ್ಟರ್ ಒಂದೊಂದನ್ನೂ ಗಮನಿಸುತ್ತಿದ್ದರು. ನಾನು ವೈರು ಬಾಗಿಸಿದ್ದು ಸೊಟ್ಟವಾದರೆ ಹಿಂದಿನಿಂದ "ಊಂ" ಅನ್ನುತ್ತಿದ್ದರು. ತಿರುಗಿ ನೋಡದೆ ಸರಿಮಾಡುತ್ತಿದ್ದೆ. ಕೆಲಸದ ಕಣ್ಣಿದ್ದವರ ಮುಂದೆ ಕೆಲಸ ಮಾಡುವ ಖುಷಿ ಬೇರೆ.

ಆ ಖುಷಿಯಲ್ಲೇ ಎಡವಿದೆ. ಕರೆಂಟಿನ ವೈರುಗಳನ್ನೂ ಹಾಡಿನ ವೈರುಗಳನ್ನೂ ಜತೆಗೆ ಕಟ್ಟಬಾರದು, ದೂರ ಇಡಬೇಕು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎಲ್ಲವನ್ನೂ ಸೇರಿಸಿ ಒಂದೇ ಜಡೆಯ ಹಾಗೆ ಸ್ಟ್ಯಾಂಡಿನ ಕಾಲಿಗೆ ಕಟ್ಟಿದರೆ ಎಷ್ಟು ಚೆಂದ ಕಾಣುತ್ತದೆ ಎಂದು ಆಸೆಯಾಯಿತು. ನಿಜ ಹೇಳಬೇಕೆಂದರೆ ಫೋಟೋದಲ್ಲಿ ಎಷ್ಟು ಚೆಂದ ಕಾಣುತ್ತದೆ ಎಂದೇ ನೋಡಿದ್ದು. ಹಾಗೇ ಕಟ್ಟಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಟ್ಟಿ ಮುಗಿದಿತ್ತು. ಸೆಕೆ ಜೋರಿತ್ತು. ಆ ಅಮ್ಮ ಬಿಸಿನೀರಿನ ಪಾತ್ರೆ, ಟವೆಲ್ಲು ತಂದರು. "ಅಣ್ಣಾ, ಇವ್ರಿಗೆ ಮೈ ಒರೆಸಿ ಬಟ್ಟೆ ಬದಲು ಮಾಡ್ಬೇಕು. ನಾನು ಹೇಳೋ ತನಕ ಈ ಕಡೆ ತಿರುಗಬೇಡಿ," ಎಂದರು.

ಹೊರಗೆ ಹೋಗಿ ನಿಲ್ಲಬೇಕಿತ್ತು. "ಆತ್ರೀ ಅಮ್ಮಾ, ತಿರುಗಲ್ಲ," ಎಂದು ಅಲ್ಲೇ ವೈರುಗಳಿಗೆ ಮುಖ ಮಾಡಿ ನಿಂತೆ. ಮಾತಿಗೆ ತಪ್ಪಲಿಲ್ಲ. ಒಮ್ಮೆಯೂ ಕತ್ತು ಹೊರಳಿಸಲಿಲ್ಲ. ಆದರೆ ಸುಮ್ಮನೆ ನಿಲ್ಲುವ ಜಾತಿ ನಾನಲ್ಲ. ಕಿಟಕಿಯ ಬಿಸಿಲು ಆಗಷ್ಟೇ ಸ್ಟ್ಯಾಂಡಿನ ಬೆನ್ನಿಗೆ ಬಿದ್ದು ಜಡೆ ಫಳಫಳ ಹೊಳೆಯುತ್ತಿತ್ತು. ಫೋನು ತೆಗೆದೆ. ಇಡೀ ಸ್ಟ್ಯಾಂಡು ಹಿಡಿಸಬೇಕೆಂದು ಒಂದು ಹೆಜ್ಜೆ ಹಿಂದೆ ಸರಿದು, ಜಡೆಯ ಮೇಲಷ್ಟೇ ಕಣ್ಣಿಟ್ಟು ಎರಡನೆಯ ಫೋಟೋ ಹೊಡೆದೆ.

ಅವರಿಗೆ ಅಂಗಿ ತೊಡಿಸಿಯಾದ ಮೇಲೆ ಹಾಡು ಹಚ್ಚಿದೆ. ಹಾಡಿಗಿಂತ ಮುಂಚೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬಂತು. ಮಾಸ್ಟರ್ ಎಡಗೈ ಬೆರಳೆತ್ತಿ ನನ್ನನ್ನೇ ನೋಡಿದರು. ಕರೆಂಟಿನ ವೈರನ್ನು ಜತೆಗೆ ಹೆಣೆದದ್ದರ ಫಲ ಅದು. ಎಲ್ಲ ಬಿಚ್ಚಿ ಬೇರೆ ಕಟ್ಟಲು ಹೊತ್ತು ಸಾಲದು, ನಾಳೆ ಬೆಳಿಗ್ಗೆ ಬಂದು ಸರಿಮಾಡುತ್ತೇನೆ ಎಂದೆ. ಕನ್ನಡಿಯನ್ನು ಮೊದಲಿನಂತೆ ಓರೆಯಾಗಿಟ್ಟೆ. ಮಾಸ್ಟರ್ ಅದರಲ್ಲಿ ಬಾಗಿಲು ಕಾಣುತ್ತದೆಯೇ ಎಂದು ನೋಡಿ ತಲೆಯಾಡಿಸಿದರು.

ಗುಂಯ್ ಎನ್ನುವ ಕೆಲಸ ಅರ್ಧಕ್ಕೆ ಬಿಟ್ಟು ಬಂದವನು ಬಾಯಿ ಮುಚ್ಚಿಕೊಂಡು ಊರಿಗೆ ಹೋಗಬೇಕಿತ್ತು. ಫೋಟೋಕ್ಕೆ ಸದ್ದು ಇರುವುದಿಲ್ಲವಲ್ಲ. ಶಿರಾಳಕೊಪ್ಪದಲ್ಲಿ ಚಹಾ ಕುಡಿಯುತ್ತ ಎರಡೂ ಫೋಟೋಗಳನ್ನು ಸ್ಟೇಟಸ್‌ಗೆ ಏರಿಸಿದೆ. 'ಮೊದಲು – ನಂತರ. ಸೊರಬದ ಟೈಲರ್ ಮಾಸ್ಟರ್ ಮನೆ' ಎಂದು ಬರೆದೆ. ಹೆಸರುವಾಸಿ ಮನೆ, ಬರೆದರೆ ನನಗೂ ಒಂದು ತೂಕ ಅಂದುಕೊಂಡಿದ್ದೆ.

ಅಂಗಡಿಗೆ ಬಂದು ದೀಪ ಹಚ್ಚುವಷ್ಟರಲ್ಲಿ ಹೆಬ್ಬೆರಳುಗಳು ಬಂದು ಬಿದ್ದಿದ್ದವು. ಅವುಗಳ ನಡುವೆ ಬಟ್ಟೆ ಅಂಗಡಿ ಮಾಲೀಕರ ಸಾಲು: 'ಮಾಸ್ಟರನ್ನು ಹೀಗೆ ನೋಡಿ ಕಣ್ಣಲ್ಲಿ ನೀರು ಬಂತು.' ಅದರ ಕೆಳಗೆ ಮುಗಿದ ಕೈಗಳು.

ಮಾಸ್ಟರನ್ನು ಇವರು ಎಲ್ಲಿ ನೋಡಿದರು? ನನಗೆ ತಿಳಿಯಲಿಲ್ಲ. ಫೋಟೋ ತೆರೆದೆ. ಸ್ಟ್ಯಾಂಡು, ಜಡೆ, ಬಿಸಿಲು. ಅಂಚಿನಲ್ಲಿ ಕನ್ನಡಿ. ಬೆರಳಿಂದ ಅದನ್ನು ದೊಡ್ಡದು ಮಾಡಿದೆ.

ಕನ್ನಡಿಯೊಳಗೆ ಮಂಚವಿತ್ತು. ಅಂಗಿಯಿಲ್ಲದ ಮಾಸ್ಟರ್, ಸೋತ ತೋಳು ಹೆಂಡತಿಯ ಹೆಗಲ ಮೇಲೆ, ಜೋತ ಬಾಯಿ, ಎದೆಯ ಮೇಲೆ ಒದ್ದೆ ಟವೆಲ್ಲು. ಬೆನ್ನು ತಿರುಗಿಸಿ ನಿಂತು ನಾನು ನೋಡದೆ ಉಳಿಸಿದ್ದನ್ನೆಲ್ಲ ನನ್ನ ಫೋನು ನೋಡಿ, ಊರಿಗೆಲ್ಲ ತೋರಿಸಿತ್ತು.

ಕೂಡಲೇ ಸ್ಟೇಟಸ್ ಅಳಿಸಿದೆ. ಮಾಲೀಕರಿಗೆ ಫೋನ್ ಮಾಡಿದೆ.

"ಅಯ್ಯೋ, ನಾನು ಆಗ್ಲೇ ನಮ್ ಊರಿನ ಗ್ರೂಪಿಗೆ ಹಾಕಿದ್ನಲ್ಲ ಮಾರಾಯ್ರೇ. ಎಲ್ರೂ ಒಂದು ಪ್ರಾರ್ಥನೆ ಮಾಡ್ಲಿ ಅಂತ," ಎಂದರು.

"ತೆಗೀರಿ ಅಣ್ಣಾ, ನಿಮ್ಮ ಕಾಲಿಗ್ ಬೀಳ್ತೀನಿ."

ಅವರು ಗಾಬರಿಯಾಗಿ ತಕ್ಷಣ ತೆಗೆದರು. ಪಾಪ, ಅವರದು ಕೆಟ್ಟ ಮನಸ್ಸಲ್ಲ. ಅಷ್ಟರಲ್ಲಿ ನೋಡುವವರೆಲ್ಲ ನೋಡಿಯಾಗಿತ್ತು. ಸ್ಟ್ಯಾಂಡಿನ ಈಚೆಗೆ ಕೂತು ಮಾತಾಡಿ ಹೋಗುತ್ತಿದ್ದವರೆಲ್ಲ ಈಗ ಆಚೆಗೆ ಇಣುಕಿದಂತಾಗಿತ್ತು.

ಆ ಅಮ್ಮನಿಗೆ ಫೋನ್ ಮಾಡಲೇ ಎಂದು ಹತ್ತು ಸಲ ನಂಬರು ತೆಗೆದೆ. ಇಂಥದ್ದನ್ನು ಮುಖಕ್ಕೆ ಮುಖ ಕೊಟ್ಟು ಹೇಳಬೇಕು, ಬೆಳಿಗ್ಗೆ ಹೇಗೂ ಹೋಗುತ್ತೇನಲ್ಲ ಎಂದು ಸುಮ್ಮನಾದೆ. ಅದನ್ನು ದೊಡ್ಡತನ ಅಂದುಕೊಂಡೆ. ಹೇಡಿತನ ಅದು.

ಬೆಳಿಗ್ಗೆ ಹೋದರೆ ಹೊಸಿಲ ಹೊರಗೆ ಚಪ್ಪಲಿಗಳು. ಪಡಸಾಲೆಯಲ್ಲಿ ಸ್ಟ್ಯಾಂಡಿಗೆ ಎದುರಾಗಿ ನಾಲ್ಕೈದು ಜನ ಕೂತಿದ್ದರು. ಸಾವಿನ ಮನೆಗೆ ಬಂದವರ ಹಾಗೆ ಮುಖ ಸಣ್ಣ ಮಾಡಿಕೊಂಡಿದ್ದರು. ಆ ಅಮ್ಮ ಬಾಗಿಲಲ್ಲೇ ಸಿಕ್ಕರು. ಕಣ್ಣು ಕೆಂಪಾಗಿದ್ದವು.

"ನೋಡಿದೆ ಅಣ್ಣಾ. ನನ್ ತಂಗಿ ಕಳ್ಸಿದ್ಲು. ಅವ್ರೂ ನೋಡಿದ್ರು," ಎಂದರು. ಆಮೇಲೆ ದನಿ ತಗ್ಗಿಸಿ, "ತಿರುಗಬೇಡಿ ಅಂದಿದ್ದೆ ನಾನು."

"ನಾನು ತಿರುಗಲಿಲ್ರೀ ಅಮ್ಮಾ."

ಬಾಯಿಂದ ಬಂದುಬಿಟ್ಟಿತು. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಬಂದವನು ಕೊನೆಗೆ ಆಡಿದ್ದು ಇದನ್ನು.

"ಹೌದು. ನೀವು ತಿರುಗಲಿಲ್ಲ," ಎಂದರು ಆ ಅಮ್ಮ. ದಾರಿ ಬಿಟ್ಟು ಪಕ್ಕಕ್ಕೆ ನಿಂತರು. ನಾಲ್ಕು ಬೈದಿದ್ದರೂ ಹಗುರಾಗುತ್ತಿದ್ದೆ.

ಮಾಸ್ಟರ್ ಕುತ್ತಿಗೆಯ ಬಟನ್ನು ಹಾಕಿ, ತಲೆ ಬಾಚಿ ಕೂತಿದ್ದರು. ಕನ್ನಡಿಯಲ್ಲಿ ಬಂದವರನ್ನು ನೋಡುತ್ತಿದ್ದರು. ನನ್ನನ್ನು ನೋಡಲಿಲ್ಲ. "ಮಾಸ್ಟ್ರೇ..." ಅಂದೆ. ಅವರು ಎಡಗೈ ಎತ್ತಿ ಸ್ಪೀಕರಿನ ಕಡೆ ತೋರಿಸಿ, "ಗುಂಯ್," ಎಂದರು. ಮೊದಲು ಕೆಲಸ ಎಂದು ಅರ್ಥ.

ನನ್ನ ಜಡೆಯನ್ನು ಕತ್ತರಿಯಿಂದ ನಾನೇ ಕತ್ತರಿಸಿದೆ. ಕರೆಂಟಿನ ವೈರುಗಳನ್ನು ಸ್ಟ್ಯಾಂಡಿನ ಎಡಗಾಲಿನಗುಂಟ, ಹಾಡಿನ ವೈರುಗಳನ್ನು ಬಲಗಾಲಿನಗುಂಟ ಇಳಿಸಿದೆ. ದಾಟಲೇಬೇಕಾದ ಕಡೆ ಒಂದರ ಮೇಲೊಂದು ನೇರ ಅಡ್ಡ ಹಾಯಿಸಿದೆ, ಜತೆಜತೆಗೆ ಓಡಲು ಬಿಡಲಿಲ್ಲ. ಹಾಡು ಹಚ್ಚಿದರೆ ಸದ್ದು ಪೂರ್ತಿ ನಿಂತಿತ್ತು. ಕೈ ತನ್ನಷ್ಟಕ್ಕೆ ಕಿಸೆಯ ಫೋನಿನ ಕಡೆ ಹೋಯಿತು. ಮುಟ್ಟಿದ ಮೇಲೆ ಎಚ್ಚರವಾಯಿತು. ಆ ಕೈಯ ಮೇಲೆ ನನಗೇ ಅಸಹ್ಯವಾಯಿತು.

ಮಾಸ್ಟರ್ ಕಣ್ಣು ಮುಚ್ಚಿ ಹಾಡು ಒಂದಿಷ್ಟು ಕೇಳಿದರು. ಆಮೇಲೆ ನಿಲ್ಲಿಸಲು ಸನ್ನೆ ಮಾಡಿ, "ಸ್ಟ್ಯಾಂಡು... ಗೋಡೆಗೆ," ಎಂದರು.

ನನಗೆ ಅರ್ಥವಾಗಲಿಲ್ಲ. ಆ ಅಮ್ಮನಿಗೆ ಆಯಿತು. ಉರ್ದುವಿನಲ್ಲಿ ಏನೇನೋ ಹೇಳಿ ಬೇಡಿಕೊಂಡರು. ಅವರು ಕೇಳಿಸಿಕೊಂಡು, ನನಗೂ ತಿಳಿಯಲೆಂದು ಕನ್ನಡದಲ್ಲೇ, ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದರು: "ಅಡ್ಡ... ಇನ್ನೆಂತಕ್ಕೆ? ನೋಡಿ ಆಯ್ತಲ್ಲ... ಎಲ್ರೂ."

ಬೇಡ ಎನ್ನಲು ನಾನ್ಯಾರು? ಈ ಸ್ಟ್ಯಾಂಡು ಮನೆಯಲ್ಲಿ ಮಾಡುತ್ತಿದ್ದ ಕೆಲಸ ಹಾಡು ಹಾಡುವುದಷ್ಟೇ ಆಗಿರಲಿಲ್ಲ. ಮುರಿದ ಪಿನ್ನು ಬದಲಿಸಿದ ಹಾಗೆ ಬದಲಿಸಲು ಬರುವಂಥದ್ದನ್ನು ನಾನು ಮುರಿದಿರಲಿಲ್ಲ.

ಈ ಜಾಗದ ಅಳತೆಗೆ ಕಟ್ಟಿದ್ದ ವೈರುಗಳು ಗೋಡೆಯ ಜಾಗಕ್ಕೆ ಸಾಲುತ್ತಿರಲಿಲ್ಲ. ಮತ್ತೆ ಎಲ್ಲ ಬಿಚ್ಚಿದೆ. ಕೂತಿದ್ದವರಲ್ಲಿ ಇಬ್ಬರು ಎದ್ದು ಕೈಹಚ್ಚಿದರು. ಸ್ಟ್ಯಾಂಡು ಜರುಗುತ್ತಿದ್ದ ಹಾಗೆ ಕೋಟಿನ ಬಟ್ಟೆಯ ಪರದೆಯೂ ಜತೆಗೇ ಜರುಗಿತು. ಬಾಗಿಲ ಬೆಳಕು ಮಂಚದ ಮೇಲೆ ಬಿತ್ತು. ಬಂದವರು ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡಿದರು. ನಾನೂ ನೆಲವನ್ನೇ ನೋಡಿದೆ. ಮಾಸ್ಟರ್ ಮಾತ್ರ ತಲೆ ಎತ್ತಿ ಕೂತಿದ್ದರು.

ದೂರದ ಸ್ಪೀಕರಿಗೆ ವೈರು ಮೊಳದಷ್ಟು ಸಾಲಲಿಲ್ಲ, ತುಂಡು ಸೇರಿಸಿ ಬೆಸೆದೆ. ಗೋಡೆಗೆ ತಳ್ಳುವ ಮೊದಲು ಹಿಂಬದಿಯನ್ನು ಹೇಗೋ ಒಂದು ಕಟ್ಟಿ ಮುಗಿಸಿ, ಆ ಮನೆಯಿಂದ ಓಡಿಹೋಗುವ ಆತುರ ನನಗೆ. ಇನ್ನು ಅದನ್ನು ಯಾರೂ ನೋಡುವುದಿಲ್ಲವಲ್ಲ. ಹಿಂದಿನಿಂದ "ಊಂ" ಎಂದು ಕೇಳಿತು. ಮಾಸ್ಟರ್ ತಮ್ಮ ಅಂಗಿಯ ಅಂಚನ್ನು ಎಡಗೈಯಲ್ಲಿ ಮಡಿಸಿ ಒಳಮಗ್ಗುಲು ತೋರಿಸಿದರು. ನಾನು ಕೂತು ಮೊದಲಿನಿಂದ ಕಟ್ಟಿದೆ. ಪ್ರತಿ ವೈರಿಗೆ ಅದರದರ ಹಾದಿ, ಮುಂದೆ ಯಾರಾದರೂ ಎಳೆದರೆ ಹರಿಯದ ಹಾಗೆ ಒಂದಿಷ್ಟು ಸಡಿಲ, ಕಟ್ಟಿನ ತುದಿಗಳನ್ನು ಕೈಗೆ ಗೀರದಂತೆ ನುಣ್ಣಗೆ ಕತ್ತರಿಸಿದ್ದು. ನಾನು ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ಚೊಕ್ಕದ್ದು ಇನ್ನೊಂದಿಲ್ಲ. ಗೋಡೆಗೆ ತಳ್ಳಿದೆವು, ಮುಚ್ಚಿಹೋಯಿತು.

ಆಮೇಲೆ ಮಂಚದ ಹತ್ತಿರ ಹೋಗಿ ನಿಂತೆ.

"ಮಾಸ್ಟ್ರೇ, ತಪ್ಪಾತು."

ಅವರು ಆಗ ನನ್ನ ಮುಖ ನೋಡಿದರು. ಇರಲಿ ಬಿಡಿ ಎಂದಾರು ಎಂದು ಒಳಗೊಳಗೇ ಕಾದಿದ್ದೆನೆಂದು ತೋರುತ್ತದೆ, ಅಷ್ಟು ನಾಚಿಕೆಗೇಡಿ ನಾನು. ಅವರು ಬಾಯಿ ತೆರೆದು, ಮಾತು ಹುಡುಕಿ, "ಬಟನ್ನು... ಹಾಕಿರ್ಲಿಲ್ಲ," ಎಂದರು.

ಅಷ್ಟೇ. ಅವರು ಸಿಟ್ಟಾಗಿರಲಿಲ್ಲ. ಫೋಟೋದಲ್ಲಿ ಅಂಗಿಯೇ ಇರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಅವರು ಬರೀ ಒಂದು ಬಟನ್ನಿನ ಮಾತಿಗೆ ತಂದು ನಿಲ್ಲಿಸಿದ್ದರು.

ನಾನು ಸಾಮಾನು ಚೀಲಕ್ಕೆ ತುಂಬುತ್ತಿರುವಾಗ ಉಳವಿ ಕಡೆಯ ಹಳೆಯ ಗಿರಾಕಿಯೊಬ್ಬರು ಬಸ್ಸಿಳಿದು ಬಂದರು. ಬಾಗಿಲಲ್ಲೇ ತಡವರಿಸಿದರು. ಮಾಸ್ಟರ್ ಕೈಬೀಸಿ ಕರೆದು ಮಂಚದ ಅಂಚಿಗೆ ಕೂರಿಸಿಕೊಂಡರು. ಅವರ ಅಂಗಿಯ ಅಂಚು ಮಗುಚಿ ನೋಡಿ, ಲೊಚಗುಟ್ಟಿ, "ಯಾರು... ಹೊಲಿದದ್ದು?" ಎಂದರು. ಗಿರಾಕಿ ಅಳುಮುಖದಲ್ಲೇ ನಕ್ಕು, "ನೀವು ಮಲಗಿದ್ರಿ, ಎಂತ ಮಾಡದು ಮಾಸ್ಟ್ರೇ," ಎಂದರು. ಕೂತವರೂ ಸಣ್ಣಗೆ ನಕ್ಕರು. ಗೋಡೆಯ ಕಡೆಯಿಂದ ಹಾಡು ಬರುತ್ತಿತ್ತು, ಗುಂಯ್ ಎನ್ನುವುದು ಒಂದಿಷ್ಟೂ ಇರಲಿಲ್ಲ. ಆ ಅಮ್ಮ ನನಗೂ ಚಹಾ ಕೊಟ್ಟರು. ಕುಡಿಯದೆ ಇರುವುದು ಇನ್ನೂ ದೊಡ್ಡ ಅವಮಾನ ಎಂದು ಕುಡಿದೆ.

ಹೊಸಿಲು ದಾಟಿ ಚಪ್ಪಲಿ ಮೆಟ್ಟುತ್ತ ಒಮ್ಮೆ ಒಳಗೆ ನೋಡಿದೆ. ಹಿಂದಿನ ದಿನ ಇಲ್ಲಿಂದ ಕಂಡದ್ದು ಬರೀ ಆಂಪ್ಲಿಫೈಯರಿನ ಮುಖ. ಈಗ ಮಂಚ ನೇರ ಕಾಣುತ್ತಿತ್ತು, ಮಾಸ್ಟರ್ ತಲೆಯಿಂದ ಕಾಲಿನವರೆಗೂ ಕಾಣುತ್ತಿದ್ದರು. ನಾನು ನೋಡುತ್ತಿರುವುದು ಅವರಿಗೂ ಕಂಡಿತು. ಮಾತಿನ ನಡುವೆಯೇ ಎಡಗೈ ಮೇಲೆದ್ದು ಕುತ್ತಿಗೆಗೆ ಹೋಗಿ ಬಟನ್ನನ್ನು ತಡವಿತು. ಬಟನ್ನು ಹಾಕಿಯೇ ಇತ್ತು. ಕೈ ಕೆಳಗಿಳಿದು, ನಾನಿನ್ನೂ ಅಲ್ಲೇ ನಿಂತಿದ್ದರಿಂದ ಮತ್ತೊಮ್ಮೆ ಮೇಲೆದ್ದು ತಡವಿತು.

ನಾನು ಬೆನ್ನು ತಿರುಗಿಸಿದೆ.